ಸೀಮೆಹಸುವಿನ ಗಂಡುಕರುವನ್ನು ಸಾಕಿದರೆ ಅಸಲಾದರೂ ಹುಟ್ಟುತ್ತದೆಯೇ?

ಪ್ರಶ್ನೆ: ಮಾಲೂರು ಕಡೆಯ ಹೈನುಗಾರ

ನಮ್ಮ ಮನೆಯಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿ ಹಸುಗಳಿದ್ದು, ಕಳೆದ ಮೂರು ಸೂಲಿನಲ್ಲೂ ಗಂಡುಕರುಗಳೇ ಹುಟ್ಟಿವೆ. ಹಿಂದೆ ಸಂತೆಗೆ ಹೊಡೆದುಕೊಂಡು ಹೋದರೆ ನಾಲ್ಕು ಕಾಸು ಸಿಗುತ್ತಿತ್ತು. ಈಗ ಕೇಳುವವರೇ ಇಲ್ಲ. ಕೊನೆಯದು ಹುಟ್ಟಿ ಹನ್ನೆರಡು ದಿನವಾಯಿತು. ಬೆಳಿಗ್ಗೆ ಕ್ಯಾನು ಡೈರಿಗೆ ಹೊರಡುವ ಹೊತ್ತಿಗೆ ಅದು ಹಗ್ಗ ಜಗ್ಗಿಕೊಂಡು ಬಂದು ನನ್ನ ಬೆರಳನ್ನೇ ಚೀಪುತ್ತದೆ. ಹಾಲು ತಪ್ಪಿಸಿ ಸಾಯಲು ಬಿಡುವುದು ನನ್ನಿಂದಾಗದು. ಒಂದೂವರೆ ವರ್ಷ ಸಾಕಿದರೆ ಹಾಕಿದ ಹಣ ಬರುತ್ತದೆಯೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಪಶುವೈದ್ಯ

ಮೊದಲು ಹಾಲಿನ ಲೆಕ್ಕ ಹಾಕಿ. ಕರುವಿಗೆ ಅದರ ತೂಕದ ಹತ್ತನೇ ಒಂದು ಪಾಲು ಹಾಲು ಬೇಕು. ಹುಟ್ಟಿದಾಗ 30 ಕೆ.ಜಿ. ತೂಗುವ ಕರುವಿಗೆ ದಿನಕ್ಕೆ 3 ಲೀಟರಿನಂತೆ 90 ದಿನ ಕುಡಿಸಿದರೆ 270 ಲೀಟರ್ ಆಗುತ್ತದೆ. ಲೀಟರಿಗೆ 35 ರೂಪಾಯಿ ಹಿಡಿದರೆ 9,450 ರೂಪಾಯಿ. ಹಿಂಡಿ, ಬೂಸಾ, ಮೇವು, ಜಂತಿನ ಔಷಧಿಯ ಖರ್ಚು ಆಮೇಲಿನದು. ಕಡಸಾಗಿದ್ದರೆ ಇದು ಹಾಲಿನ ರೂಪದಲ್ಲಿ ಮರಳುತ್ತಿತ್ತು. ಮಿಶ್ರತಳಿಯ ಹೋರಿಗೆ ನೊಗ ನಿಲ್ಲುವಷ್ಟು ಡುಬ್ಬವಿರುವುದಿಲ್ಲ, ಬಿಸಿಲಿಗೆ ಬೇಗ ತೇಕುತ್ತದೆ, ಹೀಗಾಗಿ ಉಳುಮೆಗೂ ಯಾರೂ ಕೊಳ್ಳುವುದಿಲ್ಲ. ಕರ್ನಾಟಕದ 1964ರ ಗೋಹತ್ಯೆ ತಡೆ ಕಾಯ್ದೆಯು 12 ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. ಅದರ ಬದಲಿಗೆ ಬಂದ 2020ರ ಕಾಯ್ದೆ 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ಆ ಅವಕಾಶ ಉಳಿಸಿದೆ. ಆದ್ದರಿಂದ ನಮ್ಮ ರಾಜ್ಯದಲ್ಲಿ ಮಾಂಸದ ಬೆಲೆಯನ್ನು ನಂಬಿ ಗಂಡುಕರು ಸಾಕುವ ಲೆಕ್ಕವೇ ಇಲ್ಲ. ಆ ಭಾರ ಪೂರ್ತಿ ಹೈನುಗಾರನ ತಲೆಯ ಮೇಲೆ ಬಿದ್ದಿದೆ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಉತ್ತರ: ಕಾಸರಗೋಡಿನ ಓದುಗ

ಕೇರಳದಲ್ಲಿ ಅಂಥ ನಿಷೇಧವಿಲ್ಲ. ಆದರೂ ಇಲ್ಲಿ ಮಾಂಸಕ್ಕೆಂದೇ ಸಾಕುವವರು ಹೆಚ್ಚಾಗಿ ಕೊಳ್ಳುವುದು ಹಾಲು ಬಿಟ್ಟ ಮುರ್ರಾ ಎಂಬ ಎಮ್ಮೆ ತಳಿಯ ಕೋಣಗರುಗಳನ್ನು. ಮೊದಲ ತಿಂಗಳುಗಳ ಹಾಲಿನ ಖರ್ಚು ಅವರ ಮೇಲೆ ಬೀಳುವುದಿಲ್ಲ. ಹುಲ್ಲು, ಹಿಂಡಿಯಲ್ಲಿ ಒಂದು ವರ್ಷ ಮೈ ತುಂಬಿಸಿ ಮಾರುತ್ತಾರೆ. ಡೈರಿಗೆ ಹೋಗಬೇಕಾದ ಹಾಲನ್ನು ಕುಡಿಸಿ ಬೆಳೆಸಿದರೆ ಇಲ್ಲಿಯೂ ಲಾಭ ತೆಳುವಾಗುತ್ತದೆ.

ಉತ್ತರ: ನಿವೃತ್ತ ಪಶುವೈದ್ಯ

ಹಾಗಾದರೆ ಗಂಡುಕರು ಹುಟ್ಟುವುದನ್ನೇ ಕಡಿಮೆ ಮಾಡುವುದು ಮೇಲು. ಲಿಂಗ ವಿಂಗಡಿತ ವೀರ್ಯ (ಹೆಣ್ಣುಕರು ಹುಟ್ಟಿಸುವ ವೀರ್ಯಾಣುಗಳನ್ನು ಬೇರ್ಪಡಿಸಿದ್ದು) ಬಳಸಿದರೆ ನೂರಕ್ಕೆ ಸುಮಾರು 90 ಹೆಣ್ಣುಕರುಗಳೇ ಹುಟ್ಟುತ್ತವೆ. ಆದರೆ ಅದರ ಸ್ಟ್ರಾದಲ್ಲಿ (ವೀರ್ಯ ತುಂಬಿದ ಸಣ್ಣ ಕೊಳವೆ) ವೀರ್ಯಾಣುಗಳು ಕಡಿಮೆಯಿರುವುದರಿಂದ ಗರ್ಭ ನಿಲ್ಲುವ ಪ್ರಮಾಣ ತುಸು ತಗ್ಗುತ್ತದೆ. ಕಡಸುಗಳಿಗೆ, ಮೈಕಟ್ಟು ಚೆನ್ನಾಗಿರುವ ಹಸುಗಳಿಗೆ ಮೊದಲು ಹಾಕಿಸಿ. ಬೆದೆಯ ಹೊತ್ತನ್ನು ಸರಿಯಾಗಿ ಗುರುತಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಈ ಕರುವಿಗೆ ಮೂರು ತಿಂಗಳು ಹಾಲು ಕೊಟ್ಟೇ ಕೊಡುತ್ತೇನೆ, ಆ ನಷ್ಟ ನನ್ನ ಪಾಲಿಗಿರಲಿ. ಮುಂದಿನ ಬೆದೆಗೆ ಆ ಸ್ಟ್ರಾ ತರಿಸಿಕೊಡುವಂತೆ ನಮ್ಮೂರಿನ ಕೃತಕ ಗರ್ಭಧಾರಣೆ ಮಾಡುವವರನ್ನು ನಾಳೆಯೇ ಕೇಳುತ್ತೇನೆ.