ನುಗ್ಗೆ ಮರದ ತುಂಬ ಹೂ, ಕಾಯಿ ಮಾತ್ರ ನಿಲ್ಲುತ್ತಿಲ್ಲ

ತುಮಕೂರು ಹಿತ್ತಲು:

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ ಒಂದು ನುಗ್ಗೆ ಮರ ಇದೆ. ಗುಬ್ಬಿ ಹತ್ತಿರ ಇರುವ ಅತ್ತೆಯ ಊರಿಂದ ಕೊಂಬೆ ತಂದು ನೆಟ್ಟಿದ್ದು. ಅಲ್ಲಿಯ ತಾಯಿಮರ ವರ್ಷವೂ ಕೊಂಬೆ ಬಾಗುವಷ್ಟು ಕಾಯಿ ಬಿಡುತ್ತದೆ. ನಮ್ಮದು ಎರಡನೇ ಮಹಡಿ ಮುಟ್ಟಿದೆ, ಸೊಪ್ಪು ದಂಡಿಯಾಗಿದೆ, ಈಗ ಫೆಬ್ರವರಿಯಲ್ಲಿ ಮೈತುಂಬ ಹೂ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಹೂವೆಲ್ಲ ನೆಲದ ಮೇಲೆ. ಕಟ್ಟಿದ ನಾಲ್ಕಾರು ಕಾಯಿಯೂ ಊದುಬತ್ತಿ ಕಡ್ಡಿಯಷ್ಟು ಇರುವಾಗಲೇ ಒಣಗಿ ಉದುರಿದವು.

ಮರ ಇರುವುದು ಬಚ್ಚಲ ನೀರು ಹೋಗುವ ಕಡೆ. ತಿಂಗಳಿಗೊಮ್ಮೆ ಕೊಟ್ಟಿಗೆ ಗೊಬ್ಬರ ಹಾಕುತ್ತೇನೆ. ಹೋದ ಮಳೆಗಾಲದಲ್ಲಿ ಕಾಂಡದ ತುಂಬ ಕಂಬಳಿಹುಳು ಬಂದು ಪಕ್ಕದ ಮನೆಯ ಗೋಡೆಗೂ ಹತ್ತಿದವು. ಅವರ ಮಗುವಿಗೆ ಮೈಯೆಲ್ಲ ಕೆರೆತ. ಮರ ಕಡಿಸಿಬಿಡಿ ಅಂತಿದ್ದಾರೆ. ಅಂಗಡಿಯವರು ಹೂ ನಿಲ್ಲುವ ಟಾನಿಕ್ಕನ್ನೂ ಹುಳದ ಔಷಧಿಯನ್ನೂ ಬೆರೆಸಿ ಹೊಡೆಯಿರಿ ಅಂದರು. ಹೊಡೆಯಲಾ? ವಾರದಲ್ಲಿ ಒಂದು ದಿನವಾದರೂ ಇದರ ಸೊಪ್ಪಿನ ಬಸ್ಸಾರು ಮಾಡುತ್ತೇವೆ. ಅದೇ ಯೋಚನೆ. ಕಡಿಸಲು ಮನಸ್ಸಿಲ್ಲ.

ಮೈಸೂರು ತಾರಸಿ:

ಹೂ ಇರುವಾಗ ಹುಳದ ಔಷಧಿ ಬೇಡವೇ ಬೇಡ. ನುಗ್ಗೆ ಕಾಯಿ ಕಟ್ಟಬೇಕಾದರೆ ಜೇನು, ದುಂಬಿ ಬರಬೇಕು. ಬೆಳಿಗ್ಗೆ ಹೊತ್ತು ಮರದ ಕೆಳಗೆ ನಿಂತು ನೋಡಿ, ದಪ್ಪ ಕಪ್ಪು ದುಂಬಿ ಗುಂಯ್ ಅಂತ ಬರುತ್ತವಾ? ನಮ್ಮಲ್ಲಿ ತಾರಸಿಯ ಡ್ರಮ್ಮಿನಲ್ಲಿ ಇರುವ ಗಿಡಕ್ಕೆ ಪಕ್ಕದಲ್ಲಿ ಕಾಮಕಸ್ತೂರಿ ಇಟ್ಟ ಮೇಲೆ ಜೇನು ಓಡಾಟ ಜಾಸ್ತಿ ಆಯಿತು.

ಹಿರಿಯೂರಿನವ:

ದಯವಿಟ್ಟು ಮರ ಕಡಿಸಬೇಡಿ. ನಿಮ್ಮ ಮರಕ್ಕೆ ಏನೂ ರೋಗವಿಲ್ಲ. ಅದಕ್ಕೆ ಆರೈಕೆ ಜಾಸ್ತಿ ಆಗಿದೆ, ಅಷ್ಟೇ.

ನಮ್ಮದು ಚಿತ್ರದುರ್ಗ ಜಿಲ್ಲೆ, ಮಳೆ ಕಡಿಮೆ ಇರುವ ಸೀಮೆ. ಇಲ್ಲಿ ಬೇಲಿ ಸಾಲಿನಲ್ಲಿ, ಕಲ್ಲು ಗುಡ್ಡೆಯ ಪಕ್ಕದಲ್ಲಿ ಯಾರೂ ನೀರು ಕೊಡದ ನುಗ್ಗೆ ನೋಡಬೇಕು ನೀವು. ಎಲೆ ತೆಳ್ಳಗೆ, ಕಾಯಿ ಜೊಂಪೆ ಜೊಂಪೆ. ನುಗ್ಗೆಗೆ ಬೇರಿನ ಹತ್ತಿರ ಒಂದಷ್ಟು ದಿನ ಒಣ ಬೇಕು. ಆ ಒಣ ಬಿದ್ದಾಗಲೇ ಮರ ಬೆಳೆಯುವುದು ಬಿಟ್ಟು ಹೂ ಕಾಯಿ ಕಡೆ ತಿರುಗುತ್ತದೆ. ನಿಮ್ಮಲ್ಲಿ ದಿನಾ ಬಚ್ಚಲ ನೀರು, ಮೇಲೆ ತಿಂಗಳಿಗೊಮ್ಮೆ ಗೊಬ್ಬರ. ಸಾರಜನಕ ತಿಂದ ಮರ ಎಲೆ ಹಾಕುತ್ತದೆ, ಎತ್ತರಕ್ಕೆ ಹೋಗುತ್ತದೆ. ಹೂ ಬಂದರೂ ನಿಲ್ಲುವುದಿಲ್ಲ. ಬುಡದಲ್ಲಿ ನೀರು ನಿಂತರೆ ಬೇರೂ ಕೊಳೆಯುತ್ತದೆ. ಅದು ದೊಡ್ಡ ಅಪಾಯ.

ಮೊದಲು ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸಿ. ಒಂದು ಬಾಳೆ ಕಂದು ನೆಟ್ಟು ಅದಕ್ಕೆ ಬಿಡಿ, ಬಾಳೆಗೆ ಎಷ್ಟು ನೀರಾದರೂ ಬೇಕು. ಗೊಬ್ಬರ ವರ್ಷಕ್ಕೆ ಒಂದು ಸಲ, ಮಳೆ ಶುರುವಾಗುವಾಗ ಎರಡು ಬುಟ್ಟಿ ಹಾಕಿದರೆ ಧಾರಾಳ. ಜೊತೆಗೆ ಒಲೆ ಬೂದಿ ಸಿಕ್ಕರೆ ಒಂದೆರಡು ಬೊಗಸೆ. ಬೇಸಿಗೆಯಲ್ಲಿ ಎಲೆ ಪೂರ್ತಿ ಬಾಡಿದರೆ ಮಾತ್ರ ನೀರು ಕೊಡಿ.

ಇನ್ನೊಂದು ಮಾತು. ಹೂ ಉದುರುವುದನ್ನು ನೋಡಿ ತೀರಾ ಗಾಬರಿ ಬೇಡ. ಚೆನ್ನಾಗಿ ಕಾಯಿ ಬಿಡುವ ಮರದಲ್ಲೂ ಒಂದು ಗೊಂಚಲಲ್ಲಿ ಒಂದೋ ಎರಡೋ ಮೂರೋ ಕಾಯಿ ನಿಂತರೆ ಹೆಚ್ಚು. ಉಳಿದ ಹೂ ಉದುರಲೇಬೇಕು. ನಮ್ಮ ಮನೆಯಲ್ಲಿ ಮರದ ಕೆಳಗೆ ಹಳೇ ಸೀರೆ ಹಾಸಿ, ಬಿದ್ದ ಹೂ ತಂದು ಈರುಳ್ಳಿ ಮೊಟ್ಟೆ ಹಾಕಿ ಪಲ್ಯ ಮಾಡುತ್ತೇವೆ. ಬಿದ್ದ ತಕ್ಷಣದ ಹೂ ಆದರೆ ಕಹಿ ಕಡಿಮೆ.

ಈಗ ಕಂಬಳಿಹುಳು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಷ್ಟೋ ಮರ ಈ ಒಂದು ಹುಳದ ಹೆದರಿಕೆಗೇ ನೆಲಕ್ಕೆ ಬಿದ್ದಿವೆ. ಇದು ನುಗ್ಗೆಯ ಹುಳು, ನಿಮ್ಮ ಗುಲಾಬಿಗೋ ಕರಿಬೇವಿಗೋ ಹೋಗುವುದಿಲ್ಲ. ಮಳೆ ಬಿದ್ದ ಮೇಲೆ ಮಣ್ಣಿನಿಂದ ಹಳದಿ ಮಿಶ್ರಿತ ಕಂದು ಬಣ್ಣದ ದೊಡ್ಡ ಪತಂಗ ಎದ್ದು ಬಂದು ಎಲೆ, ಎಳೇ ಕಡ್ಡಿಗಳ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತದೆ. ಹುಳು ರಾತ್ರಿ ಮೇಲೆ ಹೋಗಿ ಎಲೆ ಮೇಯುತ್ತದೆ. ಹಗಲು ಕೆಳಗಿಳಿದು ಕಾಂಡದ ಮೇಲೆ ಒಂದರ ಮೈಗೆ ಒಂದು ಅಂಟಿಕೊಂಡು ಮಲಗುತ್ತದೆ. ದೂರದಿಂದ ನೋಡಿದರೆ ತೊಗಟೆಯೇ ಉಬ್ಬಿದ ಹಾಗೆ, ಕಂದು ಬಣ್ಣ. ಹತ್ತಿರ ಹೋದರೆ ಆ ಉಬ್ಬು ನಿಧಾನಕ್ಕೆ ಅಲುಗುತ್ತದೆ. ನಮಗೆ ಬೇಕಾದದ್ದು ಅದೇ. ಮರದ ಹುಳವೆಲ್ಲ ಒಂದೇ ಕಡೆ, ಕೈಗೆ ಎಟುಕುವ ಎತ್ತರದಲ್ಲಿ!

ಹಳ್ಳಿಯಲ್ಲಿ ಉದ್ದ ಕೋಲಿಗೆ ಬಟ್ಟೆ ಸುತ್ತಿ ಪಂಜು ಹಚ್ಚಿ ಸವರುತ್ತಾರೆ. ಊರಲ್ಲಿ, ಪಕ್ಕದ ಗೋಡೆ ಇರುವಾಗ ಪಂಜು ಬೇಡ, ತೊಗಟೆಯೂ ಸುಡುತ್ತದೆ. ಬಕೆಟ್ಟಿನಲ್ಲಿ ಗಟ್ಟಿಯಾಗಿ ಸೋಪಿನ ನೀರು ಕಲಸಿ, ಉದ್ದ ಹಿಡಿಯ ಪೊರಕೆಯಲ್ಲಿ ಗುಂಪನ್ನು ಬಕೆಟ್ಟಿಗೇ ಗುಡಿಸಿ. ತುಂಬು ತೋಳಿನ ಅಂಗಿ, ಕೈಗೆ ಕವರ್, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಆ ಕೂದಲು ತಾಗಿದರೆ ಉಜ್ಜಬಾರದು. ಅಂಟು ಟೇಪು ಒತ್ತಿ ಎತ್ತಿದರೆ ಕೂದಲು ಬರುತ್ತದೆ, ಆಮೇಲೆ ಸೋಪು ಹಾಕಿ ತೊಳೆಯಿರಿ.

ಮಳೆಗಾಲ ಮುಗಿದ ಮೇಲೆ ಬುಡದ ಸುತ್ತ ಮಣ್ಣನ್ನು ಗುದ್ದಲಿಯಲ್ಲಿ ಮೇಲಕ್ಕೆ ಕೆದಕಿ. ಹುಳು ಪತಂಗವಾಗುವ ಮೊದಲು ಕಟ್ಟುವ ಕೋಶಗಳು ಮಣ್ಣಿನಲ್ಲಿ ಇರುತ್ತವೆ, ಬಿಸಿಲಿಗೆ ಸಾಯುತ್ತವೆ. ಕೋಳಿ ಸಾಕಿದ್ದರೆ ಅವನ್ನು ಅಲ್ಲಿ ಬಿಡಿ, ನಿಮ್ಮ ಕೆಲಸ ಇನ್ನೂ ಹಗುರ. ಪಕ್ಕದವರ ಹತ್ತಿರ ಈಗಲೇ ಹೋಗಿ ಮಾತಾಡಿ. ಈ ಸಲ ಹುಳು ಗೋಡೆ ಹತ್ತುವ ಮೊದಲೇ ತೆಗೆಸುತ್ತೇನೆ ಅಂತ ಹೇಳಿ, ಕಾಯಿ ಬಂದಾಗ ಮೊದಲ ಕಟ್ಟು ಅವರಿಗೇ ಕೊಡಿ. ಮಗುವಿಗೆ ಕಷ್ಟ ಆಗಿದೆಯಲ್ಲ, ಅವರ ಸಿಟ್ಟಿನಲ್ಲಿ ನ್ಯಾಯ ಇದೆ.

ಕಾಪು ಕಡೆಯವಳು:

ನಮ್ಮ ಕರಾವಳಿ ಮಳೆಗೆ ನುಗ್ಗೆ ಕಾಯಿ ಕಡಿಮೆಯೇ. ಹಾಗಾಗಿ ನಾವು ಸೊಪ್ಪಿಗೆ ಅಂತಲೇ ಇಡುವುದು. ಮಣ್ಣು ಏರಿಸಿ ದಿಬ್ಬ ಮಾಡಿ ನೆಟ್ಟು, ಎದೆಮಟ್ಟಕ್ಕೆ ಸವರುತ್ತಾ ಇರುತ್ತೇವೆ. ಕಡಿದಷ್ಟೂ ಚಿಗುರು. ಬಚ್ಚಲ ನೀರಿನ ಬಗ್ಗೆ ಮೇಲಿನವರು ಹೇಳಿದ್ದು ಸರಿ. ನಮ್ಮಲ್ಲಿ ಅದು ಬಸಳೆ ಚಪ್ಪರಕ್ಕೆ, ಕೆಸುವಿಗೆ. ಬಸಳೆ ಎಷ್ಟು ನೀರು ಕೊಟ್ಟರೂ ಸಾಲದು ಅನ್ನುತ್ತದೆ.

ತುಮಕೂರು ಹಿತ್ತಲು:

ತುಂಬಾ ಥ್ಯಾಂಕ್ಸ್. ನೀರಿನ ಪೈಪು ತಿರುಗಿಸಲು ಪ್ಲಂಬರ್‌ಗೆ ಹೇಳಿದೆ. ಔಷಧಿ ಹೊಡೆಯುವುದಿಲ್ಲ. ದುಂಬಿ ಬರುತ್ತಿವೆ, ನೋಡಿದೆ. ಇನ್ನೊಂದೇ ಪ್ರಶ್ನೆ: ಮರ ಇಷ್ಟು ಎತ್ತರ ಹೋಗಿದೆ, ಕಾಯಿ ಬಂದರೂ ಕೀಳುವುದು ಹೇಗೆ? ಈಗಲೇ ತುದಿ ಕತ್ತರಿಸಲಾ? ಇಲ್ಲಾ ಗಿಡ್ಡ ತಳಿ ಅಂತಾರಲ್ಲ, ಅದನ್ನೇ ಹೊಸದಾಗಿ ಹಾಕಲಾ?

ಹಿರಿಯೂರಿನವ:

ಹೂ ಇರುವಾಗ ಕತ್ತಿ ಹಾಕಬೇಡಿ. ಈ ಸಲ ಏನು ನಿಲ್ಲುತ್ತದೋ ನಿಲ್ಲಲಿ. ಕಾಯಿ ಮುಗಿದ ಮೇಲೆ, ಮೇ ತಿಂಗಳಲ್ಲಿ, ಎದೆಮಟ್ಟಕ್ಕೆ ತರಿಸಿ. ಮೊದಲು ನೋಡಲು ಸಂಕಟ ಆಗುತ್ತದೆ, ಬರೀ ಮೊಂಡು ಕಾಂಡ ನಿಂತಿರುತ್ತದೆ. ಆದರೆ ಸುತ್ತ ಚಿಗುರು ಒಡೆಯುತ್ತವೆ. ಗಟ್ಟಿಯಾದ ನಾಲ್ಕೈದು ಚಿಗುರು ಬಿಟ್ಟು ಉಳಿದದ್ದನ್ನು ಸೊಪ್ಪಿಗೆ ಕೀಳಿ. ನೆನಪಿಡಿ, ನುಗ್ಗೆ ಕೊಂಬೆ ಬಹಳ ಪೆಡಸು. ಅದರ ಮೇಲೆ ಹತ್ತುವುದು, ಏಣಿ ಒರಗಿಸುವುದು ಬೇಡ. ಎತ್ತರದ್ದನ್ನು ಹಗ್ಗ ಕಟ್ಟಿ ಇಳಿಸುವವರಿಂದಲೇ ಕಡಿಸಿ. ಓರೆಯಾಗಿ ಕಡಿಸಿ, ಕೊಯ್ದ ಬಾಯಿಗೆ ಸಗಣಿ ಮೆತ್ತಿ, ನೀರು ಇಳಿಯಬಾರದು.

ಕಡಿದ ಕೊಂಬೆ ಎಸೆಯಬೇಡಿ. ತೋಳು ದಪ್ಪದ್ದನ್ನು ಮೂರು ನಾಲ್ಕು ಅಡಿ ಉದ್ದಕ್ಕೆ ತುಂಡು ಮಾಡಿ ನೆರಳಲ್ಲಿ ಇಟ್ಟುಕೊಂಡು, ಮಳೆ ಹಿಡಿದ ಮೇಲೆ ನೆಡಿ. ಗುಬ್ಬಿಯ ತಾಯಿಮರದ ಗುಣ ಹಾಗೇ ಬರುತ್ತದೆ.

ತಳಿ ವಿಷಯ: ತಮಿಳುನಾಡಿನ ಪೆರಿಯಕುಳಂನದು ಪಿಕೆಎಂ 1, ನಮ್ಮ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ್ದು ಭಾಗ್ಯ. ಎರಡೂ ಬೀಜದಿಂದ ಬರುತ್ತವೆ, ಬೇಗ ಫಲಕ್ಕೆ ಬರುತ್ತವೆ. ಜಾಗ ಚಿಕ್ಕದಿದ್ದರೆ ಭಾಗ್ಯ ಒಳ್ಳೆಯದು, ಗಿಡ್ಡವಾಗಿಯೇ ಇರುತ್ತದೆ. ಆದರೆ ನಿಮ್ಮ ಅತ್ತೆ ಊರಿನ ಮರ ಒಳ್ಳೇ ಮರ ಅಂತ ನೀವೇ ಹೇಳಿದಿರಿ. ಅದನ್ನು ಬಿಡಬೇಡಿ. ಬೇಕಾದರೆ ಇನ್ನೊಂದು ಮೂಲೆಯಲ್ಲಿ ಭಾಗ್ಯ ಹಾಕಿ.

ಒಂದು ಹೇಳುವುದು ಬಿಟ್ಟೆ. ಕಾಯಿ ಬಲಿಯುವಾಗ ಮೇಲೆ ಅಂಟು ಒಸರಿ ತುದಿಯಿಂದ ಒಣಗಿದರೆ ಅದು ನೊಣದ ಕಾಟ. ಅಂಥ ಕಾಯಿ ಮರದಲ್ಲಿ ಇದ್ದರೂ ಕೆಳಗೆ ಬಿದ್ದಿದ್ದರೂ ಆರಿಸಿ ಸುಟ್ಟುಬಿಡಿ, ಕಾಂಪೋಸ್ಟಿಗೆ ಹಾಕಬೇಡಿ.