ಮಕ್ಳ ಬರವಣಿಗೇಲಿ ‘ಚೆನ್ನಾಗಿತ್ತು’ ಬಿಟ್ರೆ ಬೇರೆ ಪದಾನೇ ಬರಲ್ಲ, ನೀವೇನ್ ಮಾಡ್ತೀರ?

ಮಗಳು ಮೂರನೇ ಕ್ಲಾಸು. ಮನೇಲಿ ಪಟಪಟ ಅಂತ ಮಾತಾಡ್ತಾಳೆ, ಆದ್ರೆ ಜಾತ್ರೆ ಬಗ್ಗೆ ಬರಿ ಪುಟ್ಟಿ ಅಂದ್ರೆ ‘ಜಾತ್ರೆ ಚೆನ್ನಾಗಿತ್ತು. ತೇರು ದೊಡ್ಡದಾಗಿತ್ತು. ತುಂಬಾ ಖುಷಿಯಾಯಿತು’ ಅಷ್ಟೇ. ಟೀಚರ್‌ಗಳು, ಅಪ್ಪ ಅಮ್ಮಂದಿರು, ನಿಮ್ಮ ಅನುಭವ ಹೇಳಿ ಪ್ಲೀಸ್.

ಹಾಸನದ ಟೀಚರ್:
ಮೇಡಂ, ಮೊದ್ಲು ಪೆನ್ಸಿಲ್ ಕೊಡ್ಬೇಡಿ, ಬಾಯಲ್ಲಿ ಹೇಳಿಸಿ. ಅದೇ ಮಗು ಅಜ್ಜಿ ಹತ್ರ ಹೇಳೋವಾಗ ‘ತೇರು ಗಡಗಡ ಅಂತ ಬಂತಜ್ಜಿ, ಎಲ್ರೂ ಹಣ್ಣು ಜವನ ಎಸೀತಿದ್ರು, ಒಂದು ಬಾಳೆಹಣ್ಣು ನನ್ ತಲೆ ಮೇಲೇ ಪಟ್ ಅಂತ ಬಿತ್ತು’ ಅಂತಾನೇ ಹೇಳೋದು, ನೋಟ್‌ಬುಕ್ ಮುಂದೆ ಕೂತ ತಕ್ಷಣ ಅದೆಲ್ಲಾ ಎಲ್ಲೋಗುತ್ತೋ. ನಾನು ಅವ್ರು ಹೇಳಿದ್ದನ್ನ ಹೇಳಿದ ಹಾಗೇ ಬೋರ್ಡ್ ಮೇಲೆ ಬರೀತೀನಿ. ನನ್ ಮಾತೂ ಬರಿಯೋಂಥದ್ದೇ ಅಂತ ಒಂದ್ಸಲ ಗೊತ್ತಾದ್ರೆ ಸಾಕು. ಕಾಗುಣಿತ ಆಮೇಲೆ ತಿದ್ದಿ, ಮೊದ್ಲೇ ಕೆಂಪು ಇಂಕು ಬಿದ್ರೆ ಮಗು ಮತ್ತೆ ‘ಚೆನ್ನಾಗಿತ್ತು’ಗೇ ವಾಪಸ್ ಹೋಗುತ್ತೆ.

ಧಾರವಾಡದ ಕಡೆಯವರು:
ನಾ ಸಾಲ್ಯಾಗ ಆಟ ಆಡಸ್ತೀನ್ರಿ. ‘ಅಜ್ಜ ಬಂದ’ ಅಂತ ಬರದು, ಒಬ್ಬನ್ನ ಮುಂದ ಕರದು ಹೆಂಗ ಬಂದ ಮಾಡಿ ತೋರ್ಸಪಾ ಅಂತೀನಿ. ಅವ ಬಡಿಗಿ ಊರಕೋತ ಕಾಲು ಎಳಕೋತ ಬರತಾನ, ಉಳದವ್ರು ಕುಂತಲ್ಲಿಂದನ ಒದರತಾರ, ಕುಂಟಕೋತ ಬಂದ, ತೇಕಕೋತ ಬಂದ, ನಡಗಕೋತ ಬಂದ. ಅದ ಕಳ್ಳ ಅಂದ್ರ ನುಸುಳಿದ, ಬೆಕ್ಕು ಅಂದ್ರ ಹೊಂಚ ಹಾಕ್ತು. ಕ್ರಿಯಾಪದ ಬದಲಾದ್ರ ಅರ್ಧ ಕೆಲಸ ಮುಗೀತ್ರಿ. ವಿಶೇಷಣ ತುಂಬೂದು ಮಾತ್ರ ಕಲಸಬ್ಯಾಡ್ರಿ, ‘ಸುಂದರವಾದ ಮನೋಹರವಾದ ರಮಣೀಯವಾದ ಬೆಟ್ಟ’ ಅಂತ ಬರದ್ರ ಬೆಟ್ಟಾನ ಕಾಣೂದಿಲ್ಲ.

ತೀರ್ಥಹಳ್ಳಿಯ ಅಮ್ಮ:
ನಮ್ಮಲ್ಲಿ ಮಳೆಗಾಲಾನೇ ಪಾಠ. ಕಿಟಕಿ ಹತ್ರ ಕೂತು ಇವತ್ತು ಯಾವ ಮಳೆ ಅಂತ ಕೇಳ್ತೀನಿ, ತುಂತುರಾ, ಜಿಟಿಜಿಟಿನಾ, ಸೋನೆನಾ, ಧೋ ಅಂತ ಸುರೀತಿದ್ಯಾ. ಕಣ್ಣಿಗೆ ಕಾಣ್ತಿರೋದಕ್ಕೆ ಪದ ಸಿಕ್ರೆ ಮರೆಯಲ್ಲ. ನಮ್ಮತ್ತೆ ಪುನರ್ವಸು, ಪುಷ್ಯ ಅಂತ ಮಳೆ ನಕ್ಷತ್ರಾನೂ ಸೇರಿಸ್ತಾರೆ, ಮಗ ಅದನ್ನೂ ಬರೀತಾನೆ. ಹಾಗೇ ಹಚ್ಚಹಸಿರು, ಹೊಚ್ಚಹೊಸ, ತುತ್ತತುದಿ ಇಂಥವು ಮಕ್ಳಿಗೆ ಹೇಳೋಕೇ ಖುಷಿ. ಆದ್ರೆ ಪಟ್ಟಿ ಮಾಡಿ ಬಾಯಿಪಾಠ ಬೇಡ.

ಬೆಂಗಳೂರಿನ ಅಪ್ಪ:
ಎಲ್ಲಾ ಸರಿ, ಆದ್ರೆ ‘ಗಡಗಡ’, ‘ಪಟ್’ ಅಂತೆಲ್ಲಾ ಬರೆದ್ರೆ ಆಡುಮಾತು ಅಂತ ಮಾರ್ಕ್ಸ್ ಕಟ್ ಮಾಡಲ್ವಾ?

ಹಾಸನದ ಟೀಚರ್:
ಮಾಡಬಾರ್ದು ಸರ್. ಸದ್ದನ್ನ ಅನುಕರಿಸೋ ಇಂಥ ಪದಗಳಿಗೆ ವ್ಯಾಕರಣದಲ್ಲೇ ಅನುಕರಣಾವ್ಯಯ ಅಂತ ಹೆಸರಿದೆ, ಮುಂದೆ ಹೈಸ್ಕೂಲಲ್ಲಿ ಇದನ್ನೇ ಪಾಠ ಅಂತ ಓದ್ತಾರೆ. ‘ಪಟ್ ಅಂತ ಬಿತ್ತು’ ಅನ್ನೋದನ್ನ ‘ಪಟ್ಟನೆ ಬಿದ್ದಿತು’ ಅಂತ ಮಾಡಿಕೊಡಿ, ಯಾರೂ ಕಟ್ ಮಾಡಲ್ಲ. ಆ ಬಾಳೆಹಣ್ಣನ್ನ ಮಾತ್ರ ತೆಗೀಬೇಡಿ.