ಅಪ್‌ಡೇಟ್: ಅಮ್ಮನ ಕೈ ನಡುಕದ ಕಾರಣ ಸಿಕ್ಕಿತು

ಖಿನ್ನತೆಗೆ ಎಸಿಟಾಲೋಪ್ರಾಮ್ 10 ಮಿ.ಗ್ರಾಂ. ತೆಗೆದುಕೊಳ್ಳುವ ಅಮ್ಮನಿಗೆ ಇದ್ದಕ್ಕಿದ್ದಂತೆ ಕೈ ನಡುಕ, ಬೆವರು, ಭೇದಿ, ರಾತ್ರಿಯೆಲ್ಲ ಚಡಪಡಿಕೆ ಅಂತ ಹನ್ನೆರಡು ದಿನದ ಹಿಂದೆ ಇಲ್ಲಿ ಕೇಳಿದ್ದೆ. ಕಾಫಿ ಬಿಡಿಸಿದೆ, ಪ್ರಯೋಜನವಾಗಲಿಲ್ಲ. ಥೈರಾಯ್ಡ್, ಶುಗರ್ ಸರಿಯಾಗಿದ್ದವು. ಮಾತ್ರೆ ನೀವೇ ನಿಲ್ಲಿಸಿ ಅಂದವರ ಮಾತು ಕೇಳಲಿಲ್ಲ. ಒಳ್ಳೆಯದೇ ಆಯಿತು ಅಂದರು ಡಾಕ್ಟರ್.

ಕೆಲಸಕ್ಕೆ ಬಂದದ್ದು, ಅಮ್ಮ ನುಂಗುವುದನ್ನೆಲ್ಲ ಚೀಲಕ್ಕೆ ಹಾಕಿ ಡಾಕ್ಟರ್ ಮುಂದೆ ಇಡಿ ಅನ್ನೋ ಸಲಹೆ. ಕ್ಯಾಲ್ಸಿಯಂ, ಬಿ12 ಡಬ್ಬಿಗಳ ನಡುವೆ ಅಕ್ಕ ಅಮೆರಿಕದಿಂದ ತಂದ ಹಸಿರು ಮುಚ್ಚಳದ ಬಾಟಲಿ ಇತ್ತು. ಡಾಕ್ಟರ್ ಕನ್ನಡಕ ಏರಿಸಿ ಹಿಂದಿನ ಸಣ್ಣಕ್ಷರ ಓದಿದರು: ಸೇಂಟ್ ಜಾನ್ಸ್ ವರ್ಟ್. ಗಿಡಮೂಲಿಕೆ ಅಲ್ವಾ, ಏನಾಗುತ್ತೆ ಅಂತ ಅಮ್ಮ ಸುಮ್ನೆ ಶುರು ಮಾಡಿದ್ದರು. ಇದೂ ಎಸಿಟಾಲೋಪ್ರಾಮೂ ಸೇರಿ ಸೆರೊಟೋನಿನ್ (ನರಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ) ಪರಿಣಾಮ ಜಾಸ್ತಿಯಾಗಿತ್ತು. ಜ್ವರ ಏರಿ ಮೈ ಬಿಗಿಯಾಗಿದ್ದರೆ ನೇರ ಆಸ್ಪತ್ರೆಗೇ ಓಡಬೇಕಿತ್ತಂತೆ.

ಕ್ಯಾಪ್ಸೂಲ್ ಅವತ್ತೇ ಬಂದ್. ಎಸಿಟಾಲೋಪ್ರಾಮನ್ನೂ ಡಾಕ್ಟರೇ ಸ್ವಲ್ಪ ದಿನ ತಡೆದು ಮತ್ತೆ ಕೊಟ್ಟರು. ನಾಲ್ಕನೇ ದಿನ ಅಮ್ಮ ಲೋಟ ತುಳುಕಿಸದೆ ಕಾಫಿ ಕುಡಿದರು, ನನಗೆ ಕಣ್ಣು ತುಂಬಿ ಬಂತು.

ನನಗೆ ಗೊತ್ತೇ ಇಲ್ಲದ ಇನ್ನೊಂದು ವಿಷಯ: ಈ ಮೂಲಿಕೆ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ಗಳ ಶಕ್ತಿಯನ್ನೂ ಕುಗ್ಗಿಸುತ್ತದೆ. ಅಕ್ಕನೂ ಆ ಕ್ಯಾಪ್ಸೂಲನ್ನೇ ನುಂಗುತ್ತಿದ್ದಳು. ಆ ರಾತ್ರಿಯೇ ಫೋನ್ ಮಾಡಿದೆ.